ಹಳ್ಳಿಯಲ್ಲಿ ಮನೆ: ಜಾಗದ ನಿಜವಾದ ಬೆಲೆ ಎಷ್ಟು?

ಪಟ್ಟಣದ ಬಾಡಿಗೆಯಿಂದ ಬೇಸತ್ತು ಹುಟ್ಟೂರಿನಲ್ಲೊಂದು ಮನೆ ಕಟ್ಟಿಕೊಳ್ಳಬೇಕೆಂದು ಹೊರಡುವವರು ಮೊದಲು ವಿಚಾರಿಸುವುದು ಗುಂಟೆಗೆ ಎಷ್ಟು ಎಂಬುದನ್ನು. ಮಾರುವವರು ಹೇಳುವ ಆ ಮೊತ್ತಕ್ಕೂ, ಪಾಯದ ಮೊದಲ ಕಲ್ಲು ಇಡುವ ಹೊತ್ತಿಗೆ ಖರ್ಚಾಗಿರುವ ಹಣಕ್ಕೂ ಬಹಳ ಅಂತರವಿರುತ್ತದೆ. ಜೀವಮಾನದ ಉಳಿತಾಯವೆಲ್ಲ ಜಾಗಕ್ಕೇ ಕರಗಿ, ಗೋಡೆ ಅರ್ಧಕ್ಕೆ ನಿಂತ ಮನೆಗಳು ರಾಜ್ಯದ ಹಳ್ಳಿಗಳಲ್ಲಿ ಅಪರೂಪವೇನಲ್ಲ.

ಅಳತೆಯಿಂದಲೇ ಎಚ್ಚರಿಕೆ ಆರಂಭವಾಗಬೇಕು. ಒಂದು ಗುಂಟೆಗೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 40x60 ಅಡಿಯ ನಿವೇಶನವೆಂದರೆ ಎರಡು ಗುಂಟೆಗಿಂತ ತುಸು ಹೆಚ್ಚು. ಪಹಣಿಯಲ್ಲಿ ಕಾಣುವ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಎಷ್ಟು ಎಂಬುದನ್ನು ಹಲವರು ಗಮನಿಸುವುದೇ ಇಲ್ಲ. ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಸೇರಿದ ಬಿ ಖರಾಬಿಗೆ ಹಣ ಕೊಟ್ಟರೆ ಅದು ಖರೀದಿದಾರರ ಸ್ವತ್ತಾಗದು.

ಹೊಲದ ಬೆಲೆ ಕಡಿಮೆಯೆಂದು ಅಲ್ಲಿಯೇ ಮನೆ ಕಟ್ಟಲು ಮುಂದಾಗುವವರು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮನ್ನು ತಿಳಿದಿರಬೇಕು. ವ್ಯವಸಾಯದ ಜಮೀನನ್ನು ವಾಸದ ಉದ್ದೇಶಕ್ಕೆ ಬಳಸಲು ಭೂಪರಿವರ್ತನೆ ಅಗತ್ಯ. ಸಾಗುವಳಿ ಮಾಡುವವರು ತಮ್ಮ ಹಿಡುವಳಿಯ ಶೇ. 10ನ್ನು ಮೀರದಂತೆ ತೋಟದ ಮನೆ ಕಟ್ಟಿಕೊಳ್ಳಬಹುದಾದರೂ, ಎರಡು ಗುಂಟೆ ಕೊಂಡವರಿಗೆ ಆ ಅವಕಾಶದಿಂದ ಪ್ರಯೋಜನವಿಲ್ಲ. ಪರಿವರ್ತನೆಯ ಶುಲ್ಕ, ಸರ್ವೆ, ಓಡಾಟ ಎಲ್ಲವನ್ನೂ ಕೂಡಿಸಿದಾಗ ಅಗ್ಗದ ಹೊಲ ಅಗ್ಗವಾಗಿ ಉಳಿಯುವುದಿಲ್ಲ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನವಾದರೆ ಇ-ಸ್ವತ್ತು ದಾಖಲೆ ನೋಡಬೇಕು. ನಮೂನೆ 9 ಮತ್ತು 11ಎ ಇರುವ ನಿವೇಶನಕ್ಕೂ, 11ಬಿ ಮಾತ್ರ ಇರುವ ನಿವೇಶನಕ್ಕೂ ಒಂದೇ ದರ ಕೊಡುವುದು ಜಾಣತನವಲ್ಲ. ಸಾಲ ನೀಡುವ ಬ್ಯಾಂಕುಗಳೂ ಈ ವ್ಯತ್ಯಾಸವನ್ನು ಪರಿಗಣಿಸುತ್ತವೆ.

ಇನ್ನು ನೋಂದಣಿಯ ವೆಚ್ಚ. ಗ್ರಾಮೀಣ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ಶೇ. 10 ಸೆಸ್ ಹಾಗೂ ಶೇ. 3 ಸರ್ಚಾರ್ಜ್. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಹೀಗೆ 8 ಲಕ್ಷ ರೂ. ನಿವೇಶನಕ್ಕೆ 40,000, 4,000, 1,200 ಮತ್ತು 16,000 ಸೇರಿ 61,200 ರೂ. ತೆರಬೇಕಾಗುತ್ತದೆ. ಮಾರ್ಗಸೂಚಿ ದರ ಹೆಚ್ಚಿದ್ದಲ್ಲಿ ಲೆಕ್ಕ ಹಾಕುವುದು ಅದರ ಮೇಲೆಯೇ ಹೊರತು ಮಾತಾಡಿಕೊಂಡ ಬೆಲೆಯ ಮೇಲಲ್ಲ.

ಹಣಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಹಕ್ಕಿನ ವಿಷಯದಲ್ಲಿ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಪಿತ್ರಾರ್ಜಿತ ಜಾಗಕ್ಕೆ ವರ್ಷಗಳ ನಂತರ ಅಕ್ಕತಂಗಿಯರು ಪಾಲು ಕೇಳಿ ದಾವೆ ಹೂಡಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿ ಮಗಳಿಗೂ ಮಗನಂತೆಯೇ ಜನ್ಮತಃ ಹಕ್ಕು ನೀಡಿದೆ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಂಟೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ವಂಶವೃಕ್ಷ ತರಿಸಿ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಸಹಿಯನ್ನೂ ಪಡೆಯುವುದು ಕ್ಷೇಮ. ಋಣಭಾರ ಪ್ರಮಾಣಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಬಾಯಿಮಾತಿನ ಪಾಲುಪಟ್ಟಿ ಕಾಣುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಅದನ್ನು ಪ್ರಶ್ನಿಸಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ.

ಕಾಗದಪತ್ರ ಸರಿಯಿದ್ದರೂ ನೆಲ ಮೋಸ ಮಾಡಬಹುದು. ಗದಗ, ವಿಜಯಪುರ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಸಾಧಾರಣ ಪಾಯ ಹಾಕಿದರೆ ಗೋಡೆ ಸೀಳುವುದು ಖಚಿತವೆನ್ನಬಹುದು. ಆಳದ ಪಾಯ, ಮಣ್ಣು ಬದಲಿಸುವ ಕೆಲಸ ಅಥವಾ ಕಾಂಕ್ರೀಟ್ ಬೆಲ್ಟ್‌ಗೆ ಹಣ ಎತ್ತಿಡಬೇಕು. ಮಲೆನಾಡಿನ ಇಳಿಜಾರಿನಲ್ಲಿ ಧರೆ ಕಡಿದು ಸಮತಟ್ಟು ಮಾಡುವುದಾದರೆ ತಡೆಗೋಡೆಯ ಖರ್ಚೂ ಜಾಗದ ಬೆಲೆಗೇ ಸೇರಬೇಕು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಗಳು ನೆಲಸಮವಾದದ್ದನ್ನು ಮರೆಯುವಂತಿಲ್ಲ.

ತಗ್ಗಿನ ಜಾಗದ ಲೆಕ್ಕವನ್ನೂ ನೋಡಬಹುದು. 40x60 ನಿವೇಶನವನ್ನು ರಸ್ತೆಯ ಮಟ್ಟಕ್ಕೆ ತರಲು ಮೂರು ಅಡಿ ಏರಿಸಬೇಕೆಂದರೆ 7,200 ಘನ ಅಡಿ ಮಣ್ಣು ಬೇಕು. ಒಂದು ಟಿಪ್ಪರ್ 300 ಘನ ಅಡಿ ತಂದರೆ 24 ಲೋಡು. ದಮ್ಮಸ್ಸು ಮಾಡಿದಾಗ ಮಣ್ಣು ಕುಗ್ಗುವುದರಿಂದ ವಾಸ್ತವದಲ್ಲಿ ಇನ್ನೂ ಕೆಲವು ಲೋಡು ಹೆಚ್ಚೇ ಬೇಕಾಗುತ್ತದೆ. ಪಕ್ಕದ ಎತ್ತರದ ನಿವೇಶನಕ್ಕೆ ಮಾಲೀಕರು ಕೇಳುವ ಹೆಚ್ಚುವರಿ ಹಣವನ್ನು ಈ ಮೊತ್ತದೊಡನೆ ಹೋಲಿಸಿ ನೋಡಿದರೆ, ದುಬಾರಿಯೆಂದುಕೊಂಡದ್ದೇ ಕೆಲವೊಮ್ಮೆ ಅಗ್ಗವೆನಿಸುತ್ತದೆ.

ನೀರು, ವಿದ್ಯುತ್, ದಾರಿ ಉಳಿದ ಮೂರು ಬಾಬ್ತುಗಳು. ಊರಿನಿಂದ ದೂರವಾದಷ್ಟೂ ಕಂಬ, ತಂತಿಯ ವೆಚ್ಚ ಏರುತ್ತದೆ. ಕೋಲಾರದಂಥ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗದ ಕೊಳವೆಬಾವಿಗಳಿವೆ. ಕೊರೆದವರಿಗೆ ಹಣವನ್ನಂತೂ ಕೊಡಲೇಬೇಕು. ದಾರಿ ನಕ್ಷೆಯಲ್ಲಿದೆಯೇ ಅಥವಾ ನೆರೆಯವರ ಔದಾರ್ಯದಿಂದ ನಡೆಯುತ್ತಿದೆಯೇ ಎಂಬುದು ಕ್ರಯಪತ್ರದಲ್ಲಿಯೇ ನಮೂದಾಗಬೇಕು, ಏಕೆಂದರೆ ಇಟ್ಟಿಗೆಯ ಲಾರಿ ಬಂದು ನಿಂತ ದಿನವೇ ಬೇಲಿ ಎದ್ದ ಉದಾಹರಣೆಗಳಿವೆ.

ಮುಂಗಡ ಕೊಡುವ ಮುನ್ನ ಜೋರು ಮಳೆ ಬಿದ್ದ ಮರುದಿನ ಒಮ್ಮೆ ಜಾಗಕ್ಕೆ ಹೋಗಿ, ನೀರು ಎಲ್ಲಿ ನಿಂತಿದೆ, ಯಾವ ಕಡೆ ಹರಿದಿದೆ ಎಂದು ಕಣ್ಣಾರೆ ನೋಡಬೇಕು. ಪಕ್ಕದ ಮನೆಯವರ ಕೊಳವೆಬಾವಿಯ ಆಳವನ್ನೂ ಅಂದೇ ವಿಚಾರಿಸಿಕೊಂಡು ಬರಬಹುದು.