ತಿರುಗದ ಸಿಲಿಂಡರ್: ರಿವಾಲ್ವರ್ ಯಾಕೆ ಸಿಕ್ಕಿಕೊಳ್ಳುತ್ತೆ?

ಲಂಡನ್ನಿನಿಂದ ಮಾತಾಡ್ತಿದ್ದೇವೆ. ನಾವು ಜೀವವಿಜ್ಞಾನದವರು, ಆದರೆ ಇವತ್ತಿನ ವಿಷಯ ಕಬ್ಬಿಣದ್ದು. ಲ್ಯಾಬಿನಲ್ಲಿ ಸೆಂಟ್ರಿಫ್ಯೂಜಿನ ಮುಚ್ಚಳ ತೆರೆಯದೆ ಹೋದರೆ ನಾವು ಎಳೆದಾಡೋದಿಲ್ಲ. ಯಾವಾಗ, ಯಾವ ಸ್ಥಿತಿಯಲ್ಲಿ ಸಿಕ್ಕಿಕೊಂಡಿತು ಅಂತ ಮೊದಲು ಕೇಳ್ತೇವೆ. ರಿವಾಲ್ವರಿಗೂ ಅದೇ ಪ್ರಶ್ನೆ.

ಈ ಕಥೆ ಲಂಡನ್ನಿನದ್ದೂ ಹೌದು. 1851ರಲ್ಲಿ ಹೈಡ್ ಪಾರ್ಕಿನ ಮಹಾಪ್ರದರ್ಶನದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಮತ್ತು ಲಂಡನ್ನಿನ ರಾಬರ್ಟ್ ಆಡಮ್ಸ್ ಇಬ್ಬರೂ ತಮ್ಮ ರಿವಾಲ್ವರುಗಳನ್ನು ಇಟ್ಟಿದ್ದರು. 1853ರಲ್ಲಿ ಕೋಲ್ಟ್ ಥೇಮ್ಸ್ ದಂಡೆಯ ಪಿಮ್ಲಿಕೋದಲ್ಲಿ ಕಾರ್ಖಾನೆಯನ್ನೇ ತೆರೆದ. ಆಗ ಬಳಕೆಯಲ್ಲಿದ್ದದ್ದು ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ.

ಕರಿಮದ್ದು ಪೂರ್ತಿ ಹೊಗೆಯಾಗಿ ಹೋಗೋದಿಲ್ಲ. ಉರಿದ ಮೇಲೂ ಅರ್ಧಕ್ಕಿಂತ ಹೆಚ್ಚು ತೂಕ ಘನವಾಗಿಯೇ ಉಳಿಯುತ್ತೆ, ಬಹುಪಾಲು ಪೊಟ್ಯಾಸಿಯಂ ಲವಣಗಳು. ಸಿಲಿಂಡರಿಗೂ ನಳಿಗೆಗೂ ನಡುವೆ ಇರೋ ಸಂದು ಒಂದೆರಡು ಕೂದಲೆಳೆಯಷ್ಟೇ. ಮಸಿ ಅಲ್ಲಿ ಮತ್ತು ನಡುವಿನ ಅಚ್ಚಿನ ಸುತ್ತ ಕೂತರೆ ಸಿಲಿಂಡರ್ ಬಿಗಿಯುತ್ತೆ. ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವವನ್ನೂ ಹೀರುತ್ತೆ, ಹಾಗಾಗಿ ತೊಳೆಯದೆ ಇಟ್ಟರೆ ತುಕ್ಕು.

ಇದು ಹಳೇ ಕಥೆ ಅಲ್ವಾ? ಅಲ್ಲ. 1996ರ ಡನ್‌ಬ್ಲೇನ್ ದುರಂತದ ನಂತರ 1997ರ ಕಾನೂನುಗಳು ಬ್ರಿಟನ್ನಿನಲ್ಲಿ ಬಹುತೇಕ ಕೈಬಂದೂಕುಗಳನ್ನು ನಿಷೇಧಿಸಿದವು. ಬಾಯಿಯಿಂದ ಮದ್ದು ತುಂಬುವ ಕರಿಮದ್ದಿನ ರಿವಾಲ್ವರಿಗೆ ಪರವಾನಗಿಯ ಮೇಲೆ ಅವಕಾಶ ಉಳಿಯಿತು. ಹಾಗಾಗಿ 1851ರ ತೊಂದರೆ ಇವತ್ತಿನ ಗುರಿತಾಣದಲ್ಲೂ ಇದೆ.

ಈಗ ಲಕ್ಷಣ ನೋಡಿ ಕಾರಣ ಹುಡುಕೋಣ.

ಮೊದಲು ಚೆನ್ನಾಗಿದ್ದು, ಹೊಡೆಯುತ್ತಾ ಹೋದಂತೆ ನಿಧಾನವಾಗಿ ಬಿಗಿಯಾಯಿತಾ? ಮಸಿಯೇ ಕಾರಣ ಇರಬಹುದು. ಲವಣ ನೀರಿನಲ್ಲಿ ಕರಗುತ್ತೆ. ಖಾಲಿ ಮಾಡಿ, ಬಿಚ್ಚಿ, ಬಿಸಿ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಎಣ್ಣೆ ಹಚ್ಚಬೇಕು.

ಒಮ್ಮೆಲೇ ಗಟ್ಟಿಯಾಗಿ ನಿಂತಿತಾ? ಒಡೆದ ತಾಮ್ರದ ಟೋಪಿಯ ಚೂರು ಸುತ್ತಿಗೆಯ ಬಳಿ ಬಿದ್ದಿರಬಹುದು. ಕೋಲ್ಟ್ ಮಾದರಿಯಲ್ಲಿ ಇದು ಹಳೇ ಚಾಳಿ.

ಹೊಡೆಯುವ ಮೊದಲೇ, ಮತ್ತೆ ಜೋಡಿಸಿದ ಕೂಡಲೇ ಬಿಗಿಯಾಯಿತಾ? ಕೋಲ್ಟಿನಲ್ಲಿ ನಳಿಗೆಯನ್ನು ಹಿಡಿದಿಡುವುದು ಅಡ್ಡವಾದ ಒಂದು ಬೆಣೆ. ಅದನ್ನು ಅತಿಯಾಗಿ ಒಳಕ್ಕೆ ಹೊಡೆದರೆ ನಳಿಗೆ ಹಿಂದಕ್ಕೆ ಸರಿದು ಸಂದೇ ಮುಚ್ಚಿಹೋಗುತ್ತೆ.

ಅಮೆರಿಕದ ಕೇಳುಗರು ನೋಡಿರೋದು ಪಕ್ಕಕ್ಕೆ ತೆರೆಯುವ ಸಿಲಿಂಡರ್. ಅಲ್ಲಿ ಬೇರೆ ಕಾರಣಗಳಿವೆ. ಖಾಲಿ ತೋಟಾಗಳನ್ನು ಹೊರತಳ್ಳುವ ಕಡ್ಡಿ ತಿರುಪು ಸಡಿಲವಾದರೆ ಉದ್ದವಾಗುತ್ತೆ, ಮುಂದಿನ ಬೀಗಕ್ಕೆ ಒತ್ತಿ ಸಿಲಿಂಡರನ್ನು ತೆರೆಯಲು ಬಿಡೋದಿಲ್ಲ. ನಕ್ಷತ್ರಾಕಾರದ ತಳ್ಳುಬಿಲ್ಲೆಯ ಕೆಳಗೆ ಮದ್ದಿನ ಕಣ ಸೇರಿದರೆ ಬಿಲ್ಲೆ ಎದ್ದು ನಿಂತು ಉಜ್ಜುತ್ತೆ. ತುಂಬಿದಾಗ ಮಾತ್ರ ಬಿಗಿಯಾಗುತ್ತಾ? ತೋಟಾದ ಹಿಂಬದಿಯ ಪ್ರೈಮರ್ ಹೊರಚಾಚಿರಬಹುದು.

ಒಂದೊಂದೇ ಕಾರಣ ಪರೀಕ್ಷಿಸಿ, ಒಟ್ಟಿಗೆ ನಾಲ್ಕು ಬದಲಾವಣೆ ಬೇಡ. ಇದು ನಮ್ಮ ಪ್ರಯೋಗಾಲಯದ ನಿಯಮವೂ ಹೌದು.

ಇನ್ನು ಮುಖ್ಯ ಮಾತು. ಈ ಪರೀಕ್ಷೆಗಳೆಲ್ಲ ಖಾಲಿ ರಿವಾಲ್ವರಿಗೆ ಮಾತ್ರ. ಸಿಕ್ಕಿಕೊಂಡ ಸಿಲಿಂಡರಿನಲ್ಲಿ ಹಾರದ ಗುಂಡು ಇರಬಹುದು, ತೆರೆಯದ ಕಾರಣ ನೋಡೋದಕ್ಕೂ ಆಗೋದಿಲ್ಲ. ತುಂಬಿದೆ ಅಂತಲೇ ತಿಳಿಯಿರಿ. ನಳಿಗೆ ಗುರಿಯ ದಿಕ್ಕಿಗೇ ಇರಲಿ, ಬೆರಳು ಕುದುರೆಯಿಂದ ದೂರವಿರಲಿ. ಕುದುರೆ ಎಳೆದರೂ ಗುಂಡು ಹಾರದಿದ್ದರೆ ಒಂದೆರಡು ನಿಮಿಷ ಹಾಗೇ ಕಾಯಿರಿ, ತಡವಾಗಿ ಹಾರೋದೂ ಉಂಟು. ಆಮೇಲೆ ಗುರಿತಾಣದ ಮೇಲ್ವಿಚಾರಕರನ್ನು ಕೂಗಿ. ಸುತ್ತಿಗೆ, ಇಕ್ಕಳ ಬೇಡವೇ ಬೇಡ. ಮಸಿಯನ್ನು ನೀರು ಕರಗಿಸುತ್ತೆ, ಆದರೆ ಅವಸರದಲ್ಲಿ ಹಾರಿದ ಗುಂಡನ್ನು ವಾಪಸ್ ಕರೆಯೋಕೆ ಆಗೋದಿಲ್ಲ.