ಬೇಲಿ ದಾಟುವ ತಟ್ಟೆ

ಡಿಸೆಂಬರ್ ಮೂರನೇ ವಾರದ ಸಂಜೆ ಮಂಗಳೂರಿನ ಬಿಜೈ, ಬೆಂದೂರು, ಕುಲಶೇಖರದ ಓಣಿಗಳಲ್ಲಿ ಸುಮ್ಮನೆ ನಡೆದುಬನ್ನಿ. ಯಾವ ಮನೆಯಲ್ಲಿ ಬಾಣಲೆ ಒಲೆಗೇರಿದೆಯೆಂದು ಮೂಗೇ ಹೇಳುತ್ತದೆ. ಮಾಡಿನ ಅಂಚಿನಲ್ಲಿ ಕಾಗದದ ನಕ್ಷತ್ರ ತೂಗುತ್ತಿರುತ್ತದೆ. ಅಂಗಳದ ಮೂಲೆಯಲ್ಲಿ ಮಕ್ಕಳ ಗೋದಲಿ ಎದ್ದಿರುತ್ತದೆ: ಬೈಹುಲ್ಲಿನ ಮಾಡು, ಮಣ್ಣಿನ ದನ, ಕುರಿ, ಡಬ್ಬಿಯಲ್ಲಿ ಮೊಳೆಯಿಸಿದ ಭತ್ತದ ಪುಟ್ಟ ಗದ್ದೆ. ನಡುವಿನ ತೊಟ್ಟಿಲು ಮಾತ್ರ ಖಾಲಿ. ಬಾಲಯೇಸು ಅಲ್ಲಿಗೆ ಬರುವುದು 24ರ ರಾತ್ರಿಗೆ.

ಒಳಗೆ ಕುಸ್ವಾರ್ ತಯಾರಿ. ಕ್ರಿಸ್‌ಮಸ್‌ನ ಈ ತಿಂಡಿಗಳು ಒಬ್ಬರ ಕೈಗೆ ಮುಗಿಯುವ ಕೆಲಸವಲ್ಲ. ಅಜ್ಜಿ ನೆಲದ ಮೇಲೆ ಮಣೆ ಹಾಕಿ ಕೂತು, ಹಿಟ್ಟಿನ ಚೂರನ್ನು ಹಣಿಗೆಯ ಮೇಲೊತ್ತಿ ಸುರುಳಿ ಸುತ್ತುತ್ತಾಳೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಕಿಡಿಯೊ. ಸೊಸೆ ಎಳ್ಳು, ಕಾಯಿತುರಿ, ಸಕ್ಕರೆ, ದ್ರಾಕ್ಷಿ, ಗೋಡಂಬಿಯ ಹೂರಣ ತುಂಬಿ ನೆವ್ರಿಯ ಅಂಚು ಕತ್ತರಿಸುತ್ತಾಳೆ. ಗುಲಾಬಿ ಹೂವಿನ ಕೊಕ್ಕಿಸಾಂ ಬಿಡುವವರನ್ನು ಮಾತ್ರ ಯಾರೂ ಮಾತಾಡಿಸುವಂತಿಲ್ಲ. ಕಾದ ಅಚ್ಚನ್ನು ಕಾಯಿಹಾಲಿನ ಹಿಟ್ಟಿನಲ್ಲಿ ಅಂಚಿನವರೆಗಷ್ಟೇ ಅದ್ದಬೇಕು. ಅಂಚು ಮುಳುಗಿದರೆ ಹೂವು ಎಣ್ಣೆಗಿಳಿಯದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಆಚೆಮನೆಯ ಹೆಂಗಸರೂ ಬಂದು ಕೈಜೋಡಿಸುತ್ತಾರೆ. ಇಂದು ಇಲ್ಲಿ, ನಾಳೆ ಅವರಲ್ಲಿ.

ಇಷ್ಟೆಲ್ಲ ಡಬ್ಬಿ ತುಂಬುವುದು ಮನೆಯವರೇ ತಿನ್ನಲಿಕ್ಕೆಂದಲ್ಲ. ಹಬ್ಬ ಬಂತೆಂದರೆ ತಟ್ಟೆಗಳು ಹೊರಡುತ್ತವೆ. ಪ್ರತಿಯೊಂದರಲ್ಲೂ ಎಲ್ಲ ಬಗೆಯದೂ ಸ್ವಲ್ಪ ಸ್ವಲ್ಪ. ಮೇಲೊಂದು ಕಸೂತಿಯ ಬಟ್ಟೆ. ಒಯ್ಯುವವರು ಮಕ್ಕಳು. ಎದುರುಮನೆಯ ಭಟ್ಟರಲ್ಲಿಗೆ ಮೊಟ್ಟೆ ಹಾಕದೆ ಬೇರೆಯಾಗಿ ಕರಿದದ್ದು, ಓಣಿಯ ಕೊನೆಯ ಬ್ಯಾರಿಗಳ ಮನೆಗೆ ಒಂದು ಹಿಡಿ ಹೆಚ್ಚು, ಏಕೆಂದರೆ ಅಲ್ಲಿ ಮಕ್ಕಳು ಜಾಸ್ತಿ. ನೆರೆಯವರ ಊಟದ ನೇಮವನ್ನು ನೆನಪಿಟ್ಟು ಎರಡನೇ ಬಾಣಲೆ ಇಡುವುದಿದೆಯಲ್ಲ, ಹಬ್ಬದ ನಿಜವಾದ ಸಿಹಿ ಅಲ್ಲಿದೆ.

“ಬಾಯಮ್ಮ ಕಳಿಸಿದ್ದಾ? ನಿಲ್ಲು ಮಗಾ, ಖಾಲಿ ತಟ್ಟೆ ಕೊಡಬಾರದು” ಎಂದು ಒಳಗೆ ಹೋದವರು ಹಿತ್ತಿಲ ಬಾಳೆಹಣ್ಣನ್ನೋ ನಾಲ್ಕು ಚಮಚ ಸಕ್ಕರೆಯನ್ನೋ ಇಟ್ಟು ಮರಳಿಸುತ್ತಾರೆ. ದೀಪಾವಳಿಗೂ ರಂಜಾನಿಗೂ ಅದೇ ಬೇಲಿಯನ್ನು ತಟ್ಟೆಗಳು ಆ ಕಡೆಯಿಂದ ಈ ಕಡೆಗೆ ದಾಟುತ್ತವೆ.

ಬಾಣಲೆ ಏರದ ಮನೆಗಳೂ ಇವೆ. ವರ್ಷದೊಳಗೆ ಸಾವು ಕಂಡ ಮನೆಯಲ್ಲಿ ತಿಂಡಿ ಮಾಡುವ ಮನಸ್ಸು ಯಾರಿಗೂ ಇರುವುದಿಲ್ಲ. ಇನ್ನು ಕೆಲವೆಡೆ ಮಕ್ಕಳೆಲ್ಲ ಕೊಲ್ಲಿ ದೇಶಗಳಿಗೋ ಕೆನಡಕ್ಕೋ ಹೋಗಿ, ದೊಡ್ಡ ಹೆಂಚಿನ ಮನೆಯಲ್ಲಿ ಮುದುಕಿಯೊಬ್ಬಳೇ ಉಳಿದಿರುತ್ತಾಳೆ. ಅಲ್ಲಿಗೆ ಹೋದ ಹುಡುಗಿ ತಟ್ಟೆಯಿಟ್ಟು ಓಡಿಬರುವುದಿಲ್ಲ. ಕುರ್ಚಿ ಹತ್ತಿ ಅಜ್ಜಿಗೆ ನಕ್ಷತ್ರ ಕಟ್ಟಿಕೊಡುತ್ತಾಳೆ, ದೂರದ ಮಗನಿಗೆ ವಿಡಿಯೊ ಕಾಲ್ ಹಚ್ಚಿಕೊಡುತ್ತಾಳೆ, ರಾತ್ರಿಯ ಪೂಜೆಗೆ ಇಗರ್ಜಿಗೆ ಕೈಹಿಡಿದು ಕರೆದೊಯ್ಯುವೆನೆಂದು ಹೇಳಿ ಬರುತ್ತಾಳೆ. ಹತ್ತು ನಿಮಿಷದ ಕೆಲಸ. ಅಜ್ಜಿಗೆ ಕ್ರಿಸ್‌ಮಸ್ ಬಂದದ್ದು ಆ ಹತ್ತು ನಿಮಿಷದಲ್ಲಿ.

ಈಗ ಕುಸ್ವಾರ್ ಬೇಕರಿಯಲ್ಲಿ ಪೊಟ್ಟಣ ಕಟ್ಟಿ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಫ್ಲ್ಯಾಟಿನಲ್ಲಿ ಕರಿಯಲು ಪುರುಸೊತ್ತಿಲ್ಲ. ಕೊಂಡು ತಂದರೆ ತಪ್ಪೇನೂ ಇಲ್ಲ. ಆದರೆ ಅದನ್ನು ಡೆಲಿವರಿ ಹುಡುಗನ ಕೈಯಲ್ಲಿ ಕಳಿಸಬೇಡಿ. ನೀವೇ ಒಯ್ಯಿರಿ. ನಿಮ್ಮ ಹಬ್ಬ ಯಾವುದೇ ಇರಲಿ, ಯಾರೂ ತಟ್ಟದ ಒಂದು ಬಾಗಿಲನ್ನು ಮೊದಲು ತಟ್ಟಿ, ಒಳಗೆ ಹೋಗಿ ಒಂದು ಗಳಿಗೆ ಕೂತು ಬನ್ನಿ.