ಹಳೆಯ ಆಸಿಲೋಸ್ಕೋಪ್ ಕೊಳ್ಳುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗ ಕೊಳ್ಳಲು ಹೋದ ಹುಡುಗನ ಕಣ್ಣು ಹಳೆಯ ಆಸಿಲೋಸ್ಕೋಪಿನ ಮೇಲೆ ಬೀಳುವುದು ಸಹಜ. ಆಂಪ್ಲಿಫೈಯರ್ ಕಟ್ಟುವ ಹವ್ಯಾಸಕ್ಕೆ 20 ಮೆಗಾಹರ್ಟ್ಸ್‌ನ, ಎರಡು ಚಾನೆಲ್‌ಗಳ ಉಪಕರಣ ಧಾರಾಳವಾಯಿತು.

ಅಂಗಡಿಯಲ್ಲೇ ಚಾಲೂ ಮಾಡಿಸಿ, ಅರ್ಧ ಗಂಟೆ ಬಿಸಿಯಾಗಲು ಬಿಡಬೇಕು. ಗೆರೆ ತೆಳ್ಳಗೆ, ಸ್ಥಿರವಾಗಿ ನಿಲ್ಲುತ್ತದೆಯೇ? ಮುಂಭಾಗದ ‘ಕ್ಯಾಲ್’ ತುದಿಗೆ ಪ್ರೋಬ್ ಸಿಕ್ಕಿಸಿದರೆ ಸಾಮಾನ್ಯವಾಗಿ 1 ಕಿಲೋಹರ್ಟ್ಸ್‌ನ ಚೌಕ ತರಂಗ ಮೂಡುತ್ತದೆ. ಕಾಲದ ಗುಂಡಿಯನ್ನು 0.5 ಮಿಲಿಸೆಕೆಂಡಿಗೆ ತಿರುಗಿಸಿದಾಗ ಒಂದು ಅಲೆ ಪರದೆಯ ಎರಡು ಚೌಕ ಹಿಡಿಯಬೇಕು. ಗುಂಡಿ ತಿರುಗಿಸುವಾಗ ಗೆರೆ ನೆಗೆದರೆ ಬಹುಶಃ ಒಳಗಿನ ಸ್ವಿಚ್ಚಿಗೆ ಕೊಳೆ ಹಿಡಿದಿದೆ, ಶುಚಿ ಮಾಡಬಹುದು. ಮಂಕಾದ ಚಿತ್ರನಳಿಕೆಗೆ ಮಾತ್ರ ಮದ್ದಿಲ್ಲ.

ಹೆತ್ತವರು ಗಮನಿಸಬೇಕಾದದ್ದು ಬೇರೆ. ಪ್ರೋಬಿನ ಅರ್ಥ್ ಕ್ಲಿಪ್ಪು ಮನೆಯ ಅರ್ತಿಂಗಿಗೇ ಸೇರಿರುತ್ತದೆ. ಅದು 230 ವೋಲ್ಟಿನ ಫೇಸಿಗೆ ತಾಗಿದರೆ ನೇರ ಶಾರ್ಟ್. ಇದನ್ನು ತಪ್ಪಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುವ ಜಾಣರಿದ್ದಾರೆ. ಆಗ ಉಪಕರಣದ ಲೋಹದ ಮೈಯೇ ಶಾಕ್ ಹೊಡೆದೀತು.